ಮೈಮೇಲೆ ಏಳುವ ಗಂಧೆ: ಕಾರಣ ಹುಡುಕಿದ ಚರಿತ್ರೆ

ಪಿತ್ತದ ಗಂಧೆ ಏಳುವುದೂ ಬೇಗ, ಇಳಿಯುವುದೂ ಬೇಗ. ಕೆಂಪಗೆ ಉಬ್ಬಿ, ತಡೆಯಲಾರದಷ್ಟು ತುರಿಸಿ, ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತೂ ಉಳಿಸದೆ ಹೋಗಿಬಿಡುತ್ತದೆ. ಅಷ್ಟರಲ್ಲಿ ಇನ್ನೊಂದು ಕಡೆ ಹೊಸದು ಎದ್ದಿರುತ್ತದೆ. ಅದೇ ಕ್ರಿಯೆ ಚರ್ಮದ ಆಳದ ಪದರದಲ್ಲಿ ನಡೆದರೆ ತುಟಿ, ಕಣ್ಣಿನ ರೆಪ್ಪೆ, ನಾಲಿಗೆ, ಅಂಗೈ ಊದಿಕೊಳ್ಳುತ್ತವೆ. ಈ ಊತ ಇಳಿಯಲು ಎರಡು ಮೂರು ದಿನ ಹಿಡಿಯಬಹುದು. ಗಂಟಲಿನಲ್ಲಿ ಊತ ಬಂದರೆ ಉಸಿರೇ ಕಟ್ಟಬಹುದು. ರೋಗಿ ವೈದ್ಯರ ಮುಂದೆ ಕೂರುವ ಹೊತ್ತಿಗೆ ಎಷ್ಟೋ ಸಲ ಮೈ ತಿಳಿಯಾಗಿರುತ್ತದೆ, ಕಣ್ಣಿಂದ ನೋಡಿ ಹೇಳಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಈ ಕಾಯಿಲೆಯ ಕಾರಣವನ್ನು ಹುಡುಕಿದವರೆಲ್ಲ ಎರಡೇ ದಾರಿ ಹಿಡಿದರು: ರೋಗಿಯ ಮಾತನ್ನು ಕೇಳುವುದು, ಇಲ್ಲವೇ ಗಂಧೆಯನ್ನು ಬೇಕೆಂದೇ ಎಬ್ಬಿಸಿ ನೋಡುವುದು.

ಭಾರತದಲ್ಲಿ ಇದರ ಸ್ಪಷ್ಟ ವಿವರಣೆ ಮಾಧವಕರನ ರೋಗನಿದಾನ ಗ್ರಂಥದಲ್ಲಿದೆ. ಏಳು–ಎಂಟನೆಯ ಶತಮಾನದ್ದೆಂದು ಎಣಿಸಲಾಗುವ ಈ ‘ಮಾಧವನಿದಾನ’ ಚಿಕಿತ್ಸೆಯನ್ನು ಬದಿಗಿಟ್ಟು ರೋಗದ ಕಾರಣ ಮತ್ತು ಲಕ್ಷಣಗಳಿಗೇ ಮೀಸಲಾದ ಗ್ರಂಥ. ಶೀತಪಿತ್ತ, ಉದರ್ದ, ಕೋಠ ಎಂಬ ಮೂರು ತೊಂದರೆಗಳನ್ನು ಅದು ಒಂದೇ ಅಧ್ಯಾಯದಲ್ಲಿ ಹೇಳುತ್ತದೆ. ತಣ್ಣನೆಯ ಗಾಳಿ ಸೋಕಿದಾಗ ಕಫ ಮತ್ತು ವಾತ ಕೆರಳಿ, ಪಿತ್ತದೊಡನೆ ಸೇರಿ ಮೈಯ ಒಳಗೂ ಹೊರಗೂ ಹರಡುತ್ತವೆ ಎಂಬುದು ಅಲ್ಲಿನ ವಿವರಣೆ. ಏಳುವ ದದ್ದು ಕಣಜ ಕಚ್ಚಿದಂತಿರುತ್ತದೆ ಎನ್ನುತ್ತಾನೆ ಮಾಧವ. ಬಾಯಾರಿಕೆ, ಬಾಯಿರುಚಿ ಕೆಡುವುದು, ಓಕರಿಕೆ, ಮೈಭಾರ ಮೊದಲೇ ಕಾಣಿಸಿಕೊಳ್ಳುತ್ತವೆ ಎಂದೂ ಸೇರಿಸುತ್ತಾನೆ. ದೋಷಗಳ ಲೆಕ್ಕವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪದಿರಬಹುದು, ಆದರೆ ಚಳಿಗಾಳಿಗೂ ಗಂಧೆಗೂ ಇರುವ ನಂಟನ್ನು ಇಷ್ಟು ಹಿಂದೆ ಗುರುತಿಸಿದ್ದು ದೊಡ್ಡ ಮಾತು. ಶೀತದಿಂದಲೇ ಏಳುವ ಗಂಧೆ ಇಂದಿಗೂ ಒಂದು ಪ್ರತ್ಯೇಕ ಬಗೆ. ಮುಂಗೈ ಮೇಲೆ ಐದು ನಿಮಿಷ ಮಂಜುಗಡ್ಡೆ ಇಟ್ಟು ತೆಗೆದು, ಆ ಜಾಗ ಉಬ್ಬುತ್ತದೆಯೇ ಎಂದು ನೋಡಿ ಅದನ್ನು ಪತ್ತೆ ಮಾಡುತ್ತಾರೆ.

ಕನ್ನಡನಾಡಿನ ಮನೆಗಳಲ್ಲಿ ದೊಡ್ಡಪತ್ರೆ ಸೊಪ್ಪಿನ ರಸವನ್ನು ಮೈಗೆ ತಿಕ್ಕಿ, ಕಂಬಳಿ ಹೊದಿಸಿ ಬೆಚ್ಚಗೆ ಮಲಗಿಸುವ ರೂಢಿ ಬಹುಕಾಲ ನಡೆದು ಬಂದಿದೆ. ಶೀತ ಕಾರಣವೆಂದು ನಂಬಿದ ಕಡೆ ಬೆಚ್ಚಗಿಡುವುದು ಸಹಜವೇ. ಆದರೆ ಮೈ ಬಿಸಿಯಾದಾಗ, ಬೆವರಿದಾಗ ಸಣ್ಣ ಸಣ್ಣದಾಗಿ ಏಳುವ ಇನ್ನೊಂದು ಬಗೆಯೂ ಇದೆ. ಅಂಥವರಿಗೆ ಕಂಬಳಿ ಹೊದಿಸಿದರೆ ತುರಿಕೆ ಹೆಚ್ಚುತ್ತದೆ. ಕಾರಣ ತಿಳಿಯುವುದು ಏಕೆ ಮುಖ್ಯವೆಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಯುರೋಪಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕಲನ್ ಈ ಕಾಯಿಲೆಗೆ ಅರ್ಟಿಕೇರಿಯಾ ಎಂಬ ಹೆಸರು ಕೊಟ್ಟ. ಮುಟ್ಟಿದರೆ ಉರಿಯುವ ತುರುಚೆ ಗಿಡದ ಲ್ಯಾಟಿನ್ ಹೆಸರಿನಿಂದ ಬಂದದ್ದು ಅದು. ಮೀನು, ಸಿಗಡಿ, ಸ್ಟ್ರಾಬೆರಿ ಹಣ್ಣುಗಳ ಮೇಲೆ ಆಗಲೇ ಅನುಮಾನವಿತ್ತು. 1882ರಲ್ಲಿ ಜರ್ಮನಿಯ ಹೈನ್ರಿಕ್ ಕ್ವಿಂಕೆ, ತುಟಿ ಮತ್ತು ರೆಪ್ಪೆಗಳಲ್ಲಿ ಇದ್ದಕ್ಕಿದ್ದಂತೆ ಬರುವ ಆಳದ ಊತವನ್ನು ವಿವರವಾಗಿ ಬರೆದ. ಬಹುಕಾಲ ಅದು ಕ್ವಿಂಕೆ ಊತವೆಂದೇ ಹೆಸರಾಗಿತ್ತು. 1888ರಲ್ಲಿ ವಿಲಿಯಂ ಆಸ್ಲರ್ ಒಂದೇ ಮನೆತನದ ಐದು ತಲೆಮಾರುಗಳಲ್ಲಿ ಇಂಥ ಊತ ಹರಿದು ಬಂದುದನ್ನು ದಾಖಲಿಸಿದ. ತಿಂದ ಆಹಾರದಿಂದ ವಿವರಿಸಲಾಗದ, ವಂಶದಲ್ಲೇ ಸಾಗುವ ಊತವೊಂದಿದೆ ಎಂದು ಅಲ್ಲಿ ಕಂಡಿತು. ಅದೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ವೈದ್ಯರು ಕೆಲವು ರೋಗಿಗಳ ಬೆನ್ನಿನ ಮೇಲೆ ಮೊಂಡು ಕಡ್ಡಿಯಿಂದ ಅಕ್ಷರ ಬರೆದು, ಗೀಚಿದ ಗೆರೆಯುದ್ದಕ್ಕೂ ಚರ್ಮ ಉಬ್ಬುವುದನ್ನು ಚಿತ್ರ ಸಮೇತ ಪ್ರಕಟಿಸಿದರು. ಈ ಗಂಧೆಗೆ ಒತ್ತಿ ಗೀಚಿದ್ದೇ ಕಾರಣವಾಗಿತ್ತು.

ದೇಹದೊಳಗೆ ಏನು ನಡೆಯುತ್ತದೆ ಎಂಬುದು ಬಿಡಿಬಿಡಿಯಾಗಿ ತಿಳಿಯುತ್ತ ಬಂತು. 1870ರ ದಶಕದ ಕೊನೆಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಪೌಲ್ ಎರ್ಲಿಕ್ ಬಣ್ಣ ಹಾಕಿದ ಅಂಗಾಂಶದಲ್ಲಿ ಕಾಳು ತುಂಬಿದ ಕೋಶಗಳನ್ನು ಕಂಡು ಅವಕ್ಕೆ ಮಾಸ್ಟ್ ಕೋಶಗಳೆಂದು ಹೆಸರಿಟ್ಟ. ಅವು ಚೆನ್ನಾಗಿ ಉಂಡು ಉಬ್ಬಿದ ಕೋಶಗಳೆಂದು ಆತ ಭಾವಿಸಿದ್ದ. 1910ರಲ್ಲಿ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೈಡ್ಲಾ ಹಿಸ್ಟಮೀನ್ ಎಂಬ ವಸ್ತುವಿನ ಪರಿಣಾಮಗಳನ್ನು ಪ್ರಕಟಿಸಿದರು. ಚರ್ಮ ಕೆಂಪಾಗುವುದು, ಸುತ್ತ ಕೆಂಪು ಹರಡುವುದು, ಮಧ್ಯದಲ್ಲಿ ಉಬ್ಬುವುದು ಎಂಬ ಮೂರು ಹಂತಗಳನ್ನು 1927ರಲ್ಲಿ ಥಾಮಸ್ ಲೂಯಿಸ್ ವಿವರಿಸಿ, ಇದರ ಹಿಂದೆ ಹಿಸ್ಟಮೀನ್‌ನಂಥ ವಸ್ತುವೇ ಇರಬೇಕೆಂದ. ಆ ಹಿಸ್ಟಮೀನ್ ತುಂಬಿರುವುದು ಎರ್ಲಿಕ್ ಕಂಡ ಕೋಶಗಳಲ್ಲೇ ಎಂದು 1953ರಲ್ಲಿ ರೈಲಿ ಮತ್ತು ವೆಸ್ಟ್ ತೋರಿಸಿದರು. ಆ ಕೋಶಗಳಿಂದ ಹಿಸ್ಟಮೀನ್ ಹೊರಬಂದರೆ ಸಣ್ಣ ರಕ್ತನಾಳಗಳು ಸಡಿಲವಾಗಿ ದ್ರವ ಸೋರುತ್ತದೆ. ಗಂಧೆ ಅಂದರೆ ಆ ಸೋರಿದ ದ್ರವ. ಉಳಿದ ಪ್ರಶ್ನೆ, ಆ ಕೋಶವನ್ನು ಕೆಣಕುವುದು ಯಾವುದು ಎಂಬುದು.

ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಹಾನಿ ಮಾಡಬಲ್ಲದು ಎಂಬ ಅರಿವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂತು. ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಗಳ ವಿಷವನ್ನು ನಾಯಿಗಳಿಗೆ ಚುಚ್ಚಿ ಪ್ರಯೋಗ ಮಾಡುತ್ತಿದ್ದಾಗ, ಮೊದಲ ಸಲ ತಾಳಿಕೊಂಡ ನಾಯಿ ಕೆಲವು ವಾರಗಳ ನಂತರ ಅತ್ಯಲ್ಪ ಪ್ರಮಾಣಕ್ಕೇ ಸತ್ತುಹೋಯಿತು. ಈ ಸಂಶೋಧನೆಗೆ ರಿಶೆಗೆ 1913ರಲ್ಲಿ ನೊಬೆಲ್ ಬಂತು. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, ಕುದುರೆಯ ಸೀರಂ (ರಕ್ತದ ತಿಳಿದ್ರವ) ಚುಚ್ಚಿಸಿಕೊಂಡ ಮಕ್ಕಳಿಗೆ ದಿನಗಳ ನಂತರ ಜ್ವರ, ಗಂಧೆ, ಊತ ಬರುವುದನ್ನು ಬೇಲಾ ಶಿಕ್ ಜೊತೆ 1905ರಲ್ಲಿ ವರದಿ ಮಾಡಿ, ಮರುವರ್ಷ ಅಲರ್ಜಿ ಎಂಬ ಪದವನ್ನು ಕೊಟ್ಟ.

ಚರ್ಮದ ಮೇಲಿನ ಪರೀಕ್ಷೆ ಇದಕ್ಕಿಂತ ಹಳೆಯದು. ಇಂಗ್ಲೆಂಡಿನ ಚಾರ್ಲ್ಸ್ ಬ್ಲ್ಯಾಕ್ಲಿ 1873ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತನ್ನ ಚರ್ಮವನ್ನೇ ಕೆರೆದು ಹುಲ್ಲಿನ ಪರಾಗ ಹಚ್ಚಿಕೊಂಡದ್ದನ್ನು ಬರೆದಿದ್ದ. 1912ರಲ್ಲಿ ನ್ಯೂಯಾರ್ಕಿನ ಆಸ್ಕರ್ ಶ್ಲಾಸ್ ಇದನ್ನು ಆಹಾರಕ್ಕೆ ಅನ್ವಯಿಸಿದ. ಅವನ ಬಳಿ ಬಂದ ಮಗುವಿಗೆ ಮೊಟ್ಟೆ, ಬಾದಾಮಿ, ಓಟ್ಸ್ ತಿಂದರೆ ಗಂಧೆ ಏಳುತ್ತಿತ್ತು. ಚರ್ಮ ಕೆರೆದು ಅವನ್ನು ಹಚ್ಚಿದಾಗ ಅಲ್ಲೂ ಉಬ್ಬಿತು.

ಈ ಚರಿತ್ರೆಯಲ್ಲಿ ನಿಂತು ನೋಡಬೇಕಾದ ಪ್ರಯೋಗ 1921ರದ್ದು. ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ನಗರದಲ್ಲಿ ಕಾರ್ಲ್ ಪ್ರೌಸ್ನಿಟ್ಸ್ ಮತ್ತು ಹೈನ್ಸ್ ಕ್ಯೂಸ್ಟ್ನರ್ ಎಂಬ ವೈದ್ಯರಿದ್ದರು. ಕ್ಯೂಸ್ಟ್ನರ್‌ಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ತಿಂದ ಅರ್ಧ ಗಂಟೆಗೆಲ್ಲ ತುರಿಕೆ ಹತ್ತಿ, ಮೈ ತುಂಬ ಗಂಧೆ ಎದ್ದು, ಕೆಮ್ಮು, ಸೀನು, ವಾಂತಿ ಬರುತ್ತಿತ್ತು. ಅವನ ಸೀರಮ್ಮಿಗೂ ಮೀನಿನ ಸಾರಕ್ಕೂ ಗಾಜಿನ ನಳಿಕೆಯಲ್ಲಿ ಏನೂ ನಡೆಯಲಿಲ್ಲ. ಆಗ ಕ್ಯೂಸ್ಟ್ನರ್‌ನ ಒಂದಿಷ್ಟು ಸೀರಮ್ಮನ್ನು ಪ್ರೌಸ್ನಿಟ್ಸ್ ತನ್ನ ಹೊಟ್ಟೆಯ ಚರ್ಮದೊಳಕ್ಕೆ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ, ಮೀನು ತಿಂದು ಎಂದೂ ತೊಂದರೆಪಡದ ಪ್ರೌಸ್ನಿಟ್ಸ್‌ನ ಚರ್ಮ ಅಲ್ಲಿ ಮಾತ್ರ ಕೆಂಪಾಗಿ ಉಬ್ಬಿತು. ಒಬ್ಬನ ಅಲರ್ಜಿ ಇನ್ನೊಬ್ಬನ ಚರ್ಮಕ್ಕೆ ದಾಟಿತ್ತು. ಅಂದರೆ ಅದರ ಮೂಲ ರಕ್ತದಲ್ಲೇ ಇತ್ತು. ತಮ್ಮ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡ ಈ ಇಬ್ಬರ ಧೈರ್ಯಕ್ಕೆ ಮುಂದಿನ ಅಲರ್ಜಿ ವಿಜ್ಞಾನವೆಲ್ಲ ಋಣಿ. ಬೇರೆಯವರ ರಕ್ತದಿಂದ ಕಾಮಾಲೆ ಅಂಟುವ ಭಯ ತಿಳಿದ ಮೇಲೆ ಈ ಪರೀಕ್ಷೆ ನಿಂತಿತು.

ರಕ್ತದಲ್ಲಿದ್ದ ಆ ವಸ್ತುವನ್ನು ಹಿಡಿಯಲು ನಾಲ್ಕೂವರೆ ದಶಕ ಬೇಕಾಯಿತು, ಏಕೆಂದರೆ ಅದರ ಪ್ರಮಾಣ ಅತ್ಯಂತ ಕಡಿಮೆ. ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕ ದಂಪತಿ 1966ರಲ್ಲಿ ಅದನ್ನು ಹೊಸ ಬಗೆಯ ಪ್ರತಿಕಾಯವೆಂದು ತೋರಿಸಿದರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್, ಮೈಲೋಮಾ ಎಂಬ ಕ್ಯಾನ್ಸರ್‌ನ ರೋಗಿಯೊಬ್ಬರ ರಕ್ತದಲ್ಲಿ ಅದೇ ಪ್ರೋಟೀನನ್ನು ಹೇರಳವಾಗಿ ಕಂಡರು. ಎರಡೂ ಒಂದೇ ಎಂದು ಖಚಿತವಾಗಿ, 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ನಿಂತಿತು. ಮಾಸ್ಟ್ ಕೋಶದ ಮೈಗೆ ಐಜಿಇ ಅಂಟಿಕೊಂಡಿರುತ್ತದೆ; ತನಗೆ ಹೊಂದುವ ಮೀನಿನ ಅಥವಾ ಮೊಟ್ಟೆಯ ಪ್ರೋಟೀನು ಬಂದು ಸೇರಿದೊಡನೆ ಕೋಶ ಹಿಸ್ಟಮೀನನ್ನು ಹೊರಬಿಡುತ್ತದೆ. ಯಾವ ವಸ್ತುವಿಗೆ ಎಷ್ಟು ಐಜಿಇ ಇದೆ ಎಂದು ರಕ್ತದಲ್ಲೇ ಅಳೆಯುವ ವಿಧಾನವನ್ನು ಉಪ್ಸಾಲಾದವರು 1967ರಲ್ಲೇ ಪ್ರಕಟಿಸಿದ್ದರು.

ಇಷ್ಟಾದ ಮೇಲೆ ಕಾರಣ ಕೈಗೆ ಸಿಕ್ಕಿತೆಂದೇ ಎಲ್ಲರೂ ತಿಳಿದರು. ಆದರೆ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಪದಾರ್ಥವನ್ನು ಎಷ್ಟೋ ಜನ ಯಾವ ತೊಂದರೆಯೂ ಇಲ್ಲದೆ ತಿನ್ನುತ್ತಿದ್ದರು. ಇದಕ್ಕೂ ಮೊದಲೇ ಕ್ಯಾಲಿಫೋರ್ನಿಯಾದ ಆಲ್ಬರ್ಟ್ ರೋ ಬೇರೆ ದಾರಿ ಹಿಡಿದಿದ್ದ. ಅನುಮಾನದ ಆಹಾರಗಳನ್ನೆಲ್ಲ ಕೆಲವು ವಾರ ಬಿಡಿಸಿ, ಆಮೇಲೆ ಒಂದೊಂದಾಗಿ ಸೇರಿಸುತ್ತ ಬರುವ ಪಥ್ಯ ಅವನದು. ಅದರಲ್ಲೂ ದೋಷವಿತ್ತು: ಇದು ನನಗೆ ಆಗದು ಎಂಬ ನಂಬಿಕೆಯೇ ರೋಗಿಯ ಉತ್ತರವನ್ನು ತಿರುಚಬಹುದು. 1976ರಲ್ಲಿ ಡೆನ್ವರ್‌ನ ಚಾರ್ಲ್ಸ್ ಮೇ, ಆಹಾರವನ್ನು ಕ್ಯಾಪ್ಸೂಲಿನಲ್ಲಿ ಮರೆಮಾಡಿ, ಅದರಲ್ಲೇನಿದೆಯೆಂದು ರೋಗಿಗೂ ನೋಡುವ ವೈದ್ಯರಿಗೂ ತಿಳಿಯದಂತೆ ಕೊಟ್ಟು ನೋಡಿದ. ಆಸ್ಪತ್ರೆಯ ನಿಗಾದಲ್ಲಿ ನಡೆಯುವ ಈ ಪರೀಕ್ಷೆಯೇ ಇಂದಿಗೂ ಆಹಾರದ ಅಲರ್ಜಿಗೆ ಕೊನೆಯ ಮಾತು.

ಅತ್ತ ತಿಂಗಳುಗಟ್ಟಲೆ ಬಿಡದೆ ಕಾಡುವ ಗಂಧೆ ಯಾವ ಪರೀಕ್ಷೆಗೂ ಬಗ್ಗಲಿಲ್ಲ. ಕೇಂಬ್ರಿಡ್ಜಿನ ಚಾಂಪಿಯನ್ ಮತ್ತು ಸಂಗಡಿಗರು 1969ರಲ್ಲಿ 554 ರೋಗಿಗಳ ವಿವರ ಪ್ರಕಟಿಸಿದರು: ಶೇ. 49 ಮಂದಿಗೆ ಗಂಧೆ ಮತ್ತು ಊತ ಎರಡೂ, ಶೇ. 40 ಮಂದಿಗೆ ಗಂಧೆ ಮಾತ್ರ, ಶೇ. 11 ಮಂದಿಗೆ ಊತ ಮಾತ್ರ. ಬಹುಪಾಲು ಜನರಲ್ಲಿ ಕಾರಣ ಸಿಗಲೇ ಇಲ್ಲ. ಇಂಥವರು ಬದನೆಕಾಯಿ ಬಿಟ್ಟು, ಮೊಟ್ಟೆ ಬಿಟ್ಟು, ಹಾಲು ಬಿಟ್ಟು, ಕೊನೆಗೆ ಅನ್ನ ಸಾರಿಗೆ ಇಳಿದು ಸೊರಗಿದ್ದು ಊರೂರಿನಲ್ಲೂ ಇದೆ. ಅವರಲ್ಲಿ ಹೆಚ್ಚಿನವರ ಮಟ್ಟಿಗೆ ಆ ಪಥ್ಯ ವ್ಯರ್ಥ.

ಉತ್ತರ ರೋಗಿಯ ರಕ್ತದಲ್ಲೇ ಇತ್ತು. ಥೈರಾಯ್ಡ್ ಗ್ರಂಥಿಯ ಮೇಲೆ ದೇಹವೇ ದಾಳಿ ಮಾಡುವ ಕಾಯಿಲೆ ಇಂಥವರಲ್ಲಿ ಹೆಚ್ಚು ಎಂದು 1983ರಲ್ಲಿ ಟೊರಾಂಟೊದ ಲೆಜ್ನಾಫ್ ಮತ್ತು ಸಂಗಡಿಗರು ಗಮನಿಸಿದರು. 1986ರಲ್ಲಿ ಇಂಗ್ಲೆಂಡಿನ ಕ್ಲೈವ್ ಗ್ರ್ಯಾಟನ್ ಮತ್ತು ಜೊತೆಗಾರರು, ಕೆಲವು ರೋಗಿಗಳಿಗೆ ಅವರದೇ ಸೀರಮ್ಮನ್ನು ಅವರ ಚರ್ಮಕ್ಕೆ ಚುಚ್ಚಿದರೆ ಅಲ್ಲಿ ಗಂಧೆ ಏಳುತ್ತದೆಂದು ತೋರಿಸಿದರು. 1993ರಲ್ಲಿ ಮಿಚಿಹಿರೊ ಹಿಡೆ, ಮಾಲ್ಕಂ ಗ್ರೀವ್ಸ್ ಮೊದಲಾದವರು ಅದರ ಗುಟ್ಟು ಬಿಡಿಸಿದರು: ಮಾಸ್ಟ್ ಕೋಶದ ಮೇಲೆ ಐಜಿಇ ಕೂರುವ ಜಾಗಕ್ಕೇ ಈ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳಿದ್ದವು. ಹೊರಗಿನ ಯಾವ ವಸ್ತುವಿನ ನೆರವೂ ಇಲ್ಲದೆ ಅವೇ ಕೋಶವನ್ನು ಕೆಣಕುತ್ತಿದ್ದವು.

ಆಸ್ಲರ್ ಕಂಡ ವಂಶದ ಊತಕ್ಕೂ 1960ರ ದಶಕದಲ್ಲಿ ಉತ್ತರ ಸಿಕ್ಕಿತು. ಸಿ1 ಇನ್ಹಿಬಿಟರ್ ಎಂಬ ಪ್ರೋಟೀನಿನ ಕೊರತೆ ಅದರ ಮೂಲವೆಂದು ಡೊನಾಲ್ಡ್‌ಸನ್ ಮತ್ತು ಇವಾನ್ಸ್ 1963ರಲ್ಲಿ ತೋರಿಸಿದರು. ಇಲ್ಲಿ ನಾಳಗಳನ್ನು ಸೋರಿಸುವುದು ಬ್ರಾಡಿಕೈನಿನ್; ಹಿಸ್ಟಮೀನ್‌ನ ಪಾತ್ರವಿಲ್ಲ. ಆದ್ದರಿಂದ ತುರಿಕೆ ಇರುವುದಿಲ್ಲ, ಗಂಧೆ ಇರುವುದಿಲ್ಲ, ಅಲರ್ಜಿ ಮಾತ್ರೆ ಕೆಲಸ ಮಾಡುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಬ್ರಾಡಿಕೈನಿನ್ ಕರಗುವುದನ್ನು ತಡೆಯುವುದರಿಂದ ಕೆಲವರ ತುಟಿ, ನಾಲಿಗೆ ಇದೇ ರೀತಿ ಊದುತ್ತದೆ. ಮಾತ್ರೆ ಶುರುಮಾಡಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೂ ಹೀಗಾಗಬಹುದು. ಹಳೆಯ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬಾರದಿರುವುದೇ ಇದರ ಅಪಾಯ.

ಅನುಮಾನ ಒಂದರ ಮೇಲೆ, ಅಪರಾಧಿ ಇನ್ನೊಂದು ಎನ್ನುವಂಥ ಪ್ರಕರಣಗಳೂ ಬೆಳಕಿಗೆ ಬಂದವು. ಬಂಗುಡೆ ಜಾತಿಯ ಮೀನು ತಿಂದು ಗಂಧೆ ಎದ್ದ ಜಪಾನೀಯರಲ್ಲಿ ಹಲವರಿಗೆ ಆಗದಿದ್ದುದು ಮೀನಿನೊಳಗಿದ್ದ ಅನಿಸಾಕಿಸ್ ಎಂಬ ಹುಳು ಎಂದು 1990ರಲ್ಲಿ ಗೊತ್ತಾಯಿತು. ಇದೇ ಮೀನನ್ನು ಮಂಜುಗಡ್ಡೆಯಲ್ಲಿಡದೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮೀನನ್ನೇ ತಯಾರಿಸುತ್ತವೆ. ಕುದಿಸಿದರೂ ಅದು ಹೋಗದು, ಯಾವ ಅಲರ್ಜಿಯೂ ಇಲ್ಲದವರ ಮೈಯೂ ಕೆಂಪೇರುತ್ತದೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ನಡುರಾತ್ರಿ ಗಂಧೆ, ಊತದಿಂದ ಎಚ್ಚರಾಗುತ್ತಿದ್ದವರ ಕಥೆ ಇನ್ನೂ ವಿಚಿತ್ರ. ವರ್ಜೀನಿಯಾ ವಿಶ್ವವಿದ್ಯಾಲಯದ ಥಾಮಸ್ ಪ್ಲಾಟ್ಸ್–ಮಿಲ್ಸ್ ಮತ್ತು ಸಹೋದ್ಯೋಗಿಗಳು 2008ರಿಂದ 2011ರ ನಡುವೆ ಅದರ ಎಳೆ ಬಿಡಿಸಿದರು. ಉಣ್ಣಿ ಕಚ್ಚಿದವರ ದೇಹದಲ್ಲಿ, ದನ, ಕುರಿ, ಹಂದಿಗಳ ಮಾಂಸದಲ್ಲಿರುವ ಆಲ್ಫಾ–ಗ್ಯಾಲ್ ಎಂಬ ಸಕ್ಕರೆಗೆ ಐಜಿಇ ಬೆಳೆಯುತ್ತಿತ್ತು. ಮಾಂಸ ತಿಂದ ಮೂರರಿಂದ ಆರು ಗಂಟೆಯ ಮೇಲೆ ಗಂಧೆ ಏಳುತ್ತಿತ್ತು. ಸ್ವತಃ ಪ್ಲಾಟ್ಸ್–ಮಿಲ್ಸ್‌ಗೆ ಗುಡ್ಡಗಾಡಿನ ನಡಿಗೆಯಲ್ಲಿ ಉಣ್ಣಿ ಕಚ್ಚಿ, ಆಮೇಲೆ ಕುರಿಮಾಂಸ ತಿಂದ ರಾತ್ರಿ ಇದೇ ಆಯಿತು.

ಚಿಕಿತ್ಸೆಯೂ ಜೊತೆಜೊತೆಗೆ ಬೆಳೆಯಿತು. ಡೇನಿಯಲ್ ಬೊವೆ ಮತ್ತು ಆನ್–ಮರಿ ಸ್ಟೌಬ್ 1937ರಲ್ಲಿ ಹಿಸ್ಟಮೀನ್ ತಡೆಯುವ ಮೊದಲ ಸಂಯುಕ್ತವನ್ನು ಕಂಡುಹಿಡಿದರು. ಐಜಿಇಯನ್ನೇ ಹಿಡಿದು ನಿಲ್ಲಿಸುವ ಒಮಾಲಿಜುಮ್ಯಾಬ್ ಚುಚ್ಚುಮದ್ದಿಗೆ, ದೀರ್ಘಕಾಲದ ಗಂಧೆಗಾಗಿ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಆರು ವಾರ ಮೀರಿದ ಗಂಧೆಯನ್ನು ದೀರ್ಘಕಾಲದ್ದೆಂದು ಎಣಿಸುತ್ತಾರೆ. ಒಂದೊಂದು ಗಂಧೆ ಎಷ್ಟು ಹೊತ್ತು ನಿಲ್ಲುತ್ತದೆ, ಹೋದ ಮೇಲೆ ಕಲೆ ಉಳಿಯುತ್ತದೆಯೇ, ನೋವಿನ ಮಾತ್ರೆ ನುಂಗಿದಾಗ ಹೆಚ್ಚುತ್ತದೆಯೇ, ಚಳಿ, ಬಿಸಿಲು, ಬೆವರು, ಬಿಗಿ ಬಟ್ಟೆಯಿಂದ ಏಳುತ್ತದೆಯೇ, ಊತದ ಜೊತೆ ತುರಿಕೆ ಇದೆಯೇ ಎಂದು ವೈದ್ಯರು ಮೊದಲು ಕೇಳುತ್ತಾರೆ. ಫೋನಿನಲ್ಲಿ ತೆಗೆದಿಟ್ಟ ಚಿತ್ರಗಳನ್ನು ನೋಡುತ್ತಾರೆ. ಆಮೇಲೆ ರಕ್ತಕಣಗಳ ಎಣಿಕೆ, ಉರಿಯೂತ ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ, ತಜ್ಞರಾದರೆ ಒಟ್ಟು ಐಜಿಇ ಮತ್ತು ಥೈರಾಯ್ಡ್ ಪ್ರತಿಕಾಯದ ಪರೀಕ್ಷೆ. ತಿಂದ ಸ್ವಲ್ಪ ಹೊತ್ತಿಗೆ ಪ್ರತಿ ಸಲವೂ ಗಂಧೆ ಏಳುವವರಿಗೆ ಮಾತ್ರ ಆಹಾರದ ಅಲರ್ಜಿ ಪರೀಕ್ಷೆ ಉಪಯುಕ್ತ. ನೂರಾರು ಆಹಾರಗಳಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪಟ್ಟಿ ಕೊಡುವ ದುಬಾರಿ ಪ್ಯಾಕೇಜುಗಳಿಂದ ಗಂಧೆಯ ಕಾರಣ ತಿಳಿಯುವುದಿಲ್ಲ, ಏಕೆಂದರೆ ತಿಂದ ಆಹಾರಕ್ಕೆ ಐಜಿಜಿ ಹುಟ್ಟುವುದು ಆರೋಗ್ಯವಂತರಲ್ಲೂ ಸಹಜ.