ಡೈವೋರ್ಸ್ ಆದರೆ ಗಂಡ-ಹೆಂಡತಿ ಸೇರಿ ನಡೆಸಿದ ಅಂಗಡಿ ಯಾರಿಗೆ? ಸಹಿ ಹಾಕುವ ಮೊದಲು ಇದನ್ನು ಓದಿ

ಗಂಡ ಮಾಲು ತರ್ತಾರೆ, ಹೆಂಡತಿ ಗಲ್ಲಾದಲ್ಲಿ ಕೂರ್ತಾರೆ. ನಮ್ಮ ಪೇಟೆಗಳಲ್ಲಿ ಎಷ್ಟೋ ಕಿರಾಣಿ, ಬಟ್ಟೆ ಅಂಗಡಿ, ಬೇಕರಿಗಳು ನಡೆಯುವುದೇ ಹೀಗೆ. ಸಂಬಂಧ ಮುರಿದಾಗ "ಅರ್ಧ ಅಂಗಡಿ ನನ್ನದು" ಅನ್ನೋ ಮಾತು ಬಂದೇ ಬರುತ್ತದೆ. ಆದರೆ ವಿಚ್ಛೇದನ ಸಿಕ್ಕ ಮಾತ್ರಕ್ಕೆ ಆಸ್ತಿ ತಾನಾಗಿ ಅರ್ಧರ್ಧ ಆಗುವ ಕಾನೂನು ನಮ್ಮಲ್ಲಿಲ್ಲ. ಕಾಗದದಲ್ಲಿ ಯಾರ ಹೆಸರಿದೆ, ಯಾರ ಹಣ ಬಿದ್ದಿದೆ ಎಂಬುದೇ ಮುಖ್ಯ.

ಅಂಗಡಿ ಯಾರ ಹೆಸರಲ್ಲಿದೆ?

ಪಾಲುದಾರಿಕೆ ಪತ್ರ ಇದ್ದರೆ ಅದರಲ್ಲಿ ಬರೆದಂತೆ ಪಾಲು. ಲಾಭದ ಪಾಲು ಎಷ್ಟೆಂದು ಬರೆಯದಿದ್ದರೆ 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಸಮಪಾಲು. ಫರ್ಮ್ ರಿಜಿಸ್ಟರ್ ಆಗಿಲ್ಲ ಅಂತ ಹೆದರಬೇಡಿ. ಫರ್ಮ್ ಮುಚ್ಚಿಸಿ ಲೆಕ್ಕ ಕೊಡಿಸಿ ಎಂದು ಕೋರ್ಟಿಗೆ ಹೋಗಲು ಅದು ಅಡ್ಡಿಯಲ್ಲ.

ಪತ್ರವೇ ಇಲ್ಲ, ಲೈಸೆನ್ಸ್, ಜಿಎಸ್‌ಟಿ ಎಲ್ಲ ಒಬ್ಬರ ಹೆಸರಲ್ಲಿದೆ ಅಂದರೆ ಇನ್ನೊಬ್ಬರ ಹಾದಿ ಕಷ್ಟ. ಮದುವೆಯಾದ ಮಾತ್ರಕ್ಕೆ ಯಾರೂ ಪಾಲುದಾರರಾಗುವುದಿಲ್ಲ. ಹಣ ಹಾಕಿದ್ದು, ಲಾಭ ಹಂಚಿಕೊಂಡಿದ್ದು ತೋರಿಸಬೇಕು. ಬ್ಯಾಂಕ್ ಪಾಸ್‌ಬುಕ್, ಒಡವೆ ಅಡವಿಟ್ಟ ಚೀಟಿ, ಹೋಲ್‌ಸೇಲ್ ಬಿಲ್‌ಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ. ತವರಿನವರು ಕೊಟ್ಟ ಒಡವೆ ಸ್ತ್ರೀಧನ. ಅಂಗಡಿಗೆಂದು ಅಡವಿಟ್ಟಿದ್ದರೂ ಅದು ಹೆಂಡತಿಯದೇ.

ಲೆಕ್ಕ ಮಾಡುವುದು ಹೇಗೆ?

ಪಾಲುದಾರಿಕೆಯ ಉದಾಹರಣೆ ನೋಡಿ. ಸ್ಟಾಕು 8 ಲಕ್ಷ, ಬರಬೇಕಾದ ಉದ್ರಿ 2 ಲಕ್ಷ, ಮಳಿಗೆ ಅಡ್ವಾನ್ಸ್ 1 ಲಕ್ಷ: ಒಟ್ಟು 11 ಲಕ್ಷ. ಇದನ್ನೇ ಅರ್ಧ ಮಾಡಿದರೆ ತಪ್ಪು. ಮೊದಲು ಹೊರಗಿನ ಸಾಲ ಕಳೆಯಬೇಕು. ಹೋಲ್‌ಸೇಲ್‌ನವರಿಗೆ 3, ಬ್ಯಾಂಕಿಗೆ 2 ಕೊಟ್ಟರೆ ಉಳಿಯುವುದು 6 ಲಕ್ಷ. ಹೆಂಡತಿ 2 ಲಕ್ಷ, ಗಂಡ 1 ಲಕ್ಷ ಬಂಡವಾಳ ಹಾಕಿದ್ದರೆ ಅದು ವಾಪಸ್. ಮಿಕ್ಕ 3 ಲಕ್ಷ ಸಮಪಾಲು. ಹೆಂಡತಿಗೆ ಮೂರೂವರೆ, ಗಂಡನಿಗೆ ಎರಡೂವರೆ ಲಕ್ಷ. ವಸೂಲಾಗದ ಉದ್ರಿ, ಎಕ್ಸ್‌ಪೈರಿ ಆದ ಮಾಲನ್ನು ಸೇರಿಸಬೇಡಿ.

ಸಾಲಕ್ಕೆ ಡೈವೋರ್ಸ್ ಇಲ್ಲ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. "ಸಾಲ ಅವರೇ ಕಟ್ತಾರೆ" ಅಂತ ನಿಮ್ಮಿಬ್ಬರ ನಡುವೆ ಬರೆದುಕೊಂಡರೂ ಬ್ಯಾಂಕ್ ಒಪ್ಪಬೇಕೆಂದಿಲ್ಲ. ಸಾಲಕ್ಕೆ ಜಂಟಿಯಾಗಿ ಅಥವಾ ಜಾಮೀನಿಗೆ ಸಹಿ ಹಾಕಿದ್ದರೆ ನೋಟಿಸ್ ನಿಮಗೂ ಬರುತ್ತದೆ. ಪಾಲು ಬಿಟ್ಟುಕೊಡುವ ಮೊದಲೇ ಸಾಲ ತೀರಿಸಿ, ಇಲ್ಲವೇ ನಿಮ್ಮನ್ನು ಬಿಡುಗಡೆ ಮಾಡಿದ್ದಕ್ಕೆ ಬ್ಯಾಂಕಿನಿಂದ ಲಿಖಿತ ಪತ್ರ ಪಡೆಯಿರಿ.

ಫರ್ಮ್ ಮುಚ್ಚಿದ್ದನ್ನು ರಾಜ್ಯಪತ್ರದಲ್ಲೂ ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸಬೇಕು. ರಿಜಿಸ್ಟರ್ ಆಗಿದ್ದರೆ ಫರ್ಮ್‌ಗಳ ರಿಜಿಸ್ಟ್ರಾರ್‌ಗೂ ತಿಳಿಸಬೇಕು. ಇಲ್ಲದಿದ್ದರೆ ಆಮೇಲೆ ಒಬ್ಬರು ಫರ್ಮ್ ಹೆಸರಲ್ಲಿ ಮಾಡಿದ ಸಾಲ ಇನ್ನೊಬ್ಬರ ತಲೆಗೂ ಬರಬಹುದು.

ಕೋರ್ಟಿನಲ್ಲಿ ಏನು ಬರೆಸಬೇಕು?

ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 6 ತಿಂಗಳು ಕಾಯಬೇಕು. ಸೂಕ್ತ ಪ್ರಕರಣದಲ್ಲಿ ಕೋರ್ಟ್ ಇದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಿರಿಯರ ಮುಂದೆ ಆದ ಮಾತನ್ನೂ ಅರ್ಜಿಯಲ್ಲಿ ಬರೆಸಿ, ಡಿಕ್ರಿಯಲ್ಲಿ ಸೇರಿಸಿ. ಅಂಗಡಿ ಪಾಲು ಬೇರೆ, ಜೀವನಾಂಶ ಬೇರೆ. ಎರಡನ್ನೂ ಒಂದೇ ಮೊತ್ತದಲ್ಲಿ ಸೇರಿಸದೆ ಪ್ರತ್ಯೇಕವಾಗಿ ನಮೂದಿಸಿ. ಹಣ ಕೊಡುವ ದಿನಾಂಕವೂ ಇರಲಿ. ಬೇರೆ ಧರ್ಮದವರಿಗೆ ವಿಚ್ಛೇದನದ ಕಾನೂನು ಬೇರೆ, ಪಾಲುದಾರಿಕೆ ಕಾಯ್ದೆ ಎಲ್ಲರಿಗೂ ಒಂದೇ.

ಆಮೇಲಿನ ಕೆಲಸ

• ಇಬ್ಬರ ಫರ್ಮ್ ಒಬ್ಬರದ್ದಾದರೆ ಪ್ಯಾನ್ ಬದಲಾಗುತ್ತದೆ. ಹೊಸ ಜಿಎಸ್‌ಟಿ ನೋಂದಣಿ ಬೇಕು.
• ಟ್ರೇಡ್ ಲೈಸೆನ್ಸ್, ಬಾಡಿಗೆ ಕರಾರು, ಬ್ಯಾಂಕ್ ಖಾತೆ ಬದಲಿಸಿ.
• ಗಲ್ಲಾ ಮೇಲಿನ ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತಿದೆ, ಮರೆಯದೆ ನೋಡಿ.

ವಕೀಲರಿಗೆ ಕೊಡಲು ಹಣವಿಲ್ಲ ಅನ್ನುವವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ: 15100.