ದಿನಕ್ಕೆ 40 ರೂಪಾಯಿ: ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಿರಿಯರಿಗೆ ಇರುವ ನೆರವೇನು?

ಮೊದಲು ನೇರ ಉತ್ತರ. ಅಜ್ಜಿಯನ್ನೋ ಅಪ್ಪನನ್ನೋ ಆರೈಕೆ ಕೇಂದ್ರಕ್ಕೆ ಸೇರಿಸಿದರೆ, ಅಲ್ಲಿನ ತಿಂಗಳ ಶುಲ್ಕ ಕಟ್ಟೋಕೆ ಅಂತಲೇ ಕುಟುಂಬದ ಕೈಗೆ ದುಡ್ಡು ಕೊಡುವ ಯೋಜನೆ ಇಲ್ಲ. ಕೇಂದ್ರದ್ದೂ ಇಲ್ಲ, ರಾಜ್ಯದ್ದೂ ಇಲ್ಲ. ಇರೋದು ಪಿಂಚಣಿ, ಒಂದು ಕಾನೂನು, ಮತ್ತು ಆಶ್ರಮ ನಡೆಸುವ ಸಂಸ್ಥೆಗಳಿಗೆ ಕೇಂದ್ರದ ಅನುದಾನ.

ಹಳ್ಳಿಗಳಲ್ಲಿ ‘ಪಗಾರ’ ಅಂತ ಕರೆಯೋ ಪಿಂಚಣಿಯಿಂದ ಶುರು ಮಾಡೋಣ. ಸಂಧ್ಯಾ ಸುರಕ್ಷಾ 2007ರಲ್ಲಿ ಬಂತು. ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಅಸಂಘಟಿತ ಕಾರ್ಮಿಕರಿಗೆ 65 ದಾಟಿದ ಮೇಲೆ ತಿಂಗಳಿಗೆ 1,200 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ: 60ರಿಂದ 64ರವರೆಗೆ 800, ಆಮೇಲೆ 1,200. ಎರಡರಲ್ಲಿ ಒಂದೇ ಸಿಗೋದು, ಅರ್ಜಿ ನಾಡಕಚೇರಿಯಲ್ಲಿ. ಈ ವೃದ್ಧಾಪ್ಯ ವೇತನದಲ್ಲಿ 79 ವರ್ಷದವರೆಗೆ ಕೇಂದ್ರದ ಪಾಲು 200 ರೂಪಾಯಿ. 2007ರಲ್ಲೂ ಅಷ್ಟೇ, ಈಗಲೂ ಅಷ್ಟೇ. ಇಂಜಿನಿಯರಿಂಗ್ ಓದಿದ್ದರ ಚಟ, ಲೆಕ್ಕ ಹಾಕಿದೆ: 1,200 ಅಂದ್ರೆ ದಿನಕ್ಕೆ 40 ರೂಪಾಯಿ. ಬೆಂಗಳೂರಿನ ಖಾಸಗಿ ಆರೈಕೆ ಕೇಂದ್ರಗಳ ಬಿಲ್ಲು ತಿಂಗಳಿಗೆ ಹತ್ತಾರು ಸಾವಿರ.

ಇದಕ್ಕಿಂತ ದೊಡ್ಡ ಮೊತ್ತ ಸಿಗೋ ದಾರಿ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ, 2007. ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಮಕ್ಕಳಿಲ್ಲದಿದ್ದರೆ, ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದಲೂ ಕೇಳಬಹುದು. ವಿಚಾರಣೆ ನಡೆಸೋದು ಉಪವಿಭಾಗಾಧಿಕಾರಿ. ಮೂರೂ ತಾಲ್ಲೂಕಿಗೆ ಆ ಕಚೇರಿ ಇರೋದು ಲಿಂಗಸುಗೂರಿನಲ್ಲಿ. ಸಿಂಧನೂರಿನ ಮುದುಕಿ ಮಸ್ಕಿ ದಾಟಿ ಸುಮಾರು 50 ಕಿ.ಮೀ. ಬಸ್ಸಲ್ಲಿ ಹೋಗಬೇಕು. ಮಗನ ವಿರುದ್ಧ ಅರ್ಜಿ ಕೊಡೋಕೆ ಮನಸ್ಸು ಗಟ್ಟಿ ಮಾಡೋದೇ ಕಷ್ಟ, ಅದರ ಮೇಲೆ ಇದು. ನೋಟಿಸ್ ತಲುಪಿದ 90 ದಿನದಲ್ಲಿ ತೀರ್ಮಾನ ಆಗಬೇಕು ಅನ್ನುತ್ತೆ ಕಾನೂನು. ವಿಶೇಷ ಕಾರಣ ಇದ್ದರೆ ಇನ್ನೊಂದು 30 ದಿನ. ಆದೇಶ ಮೀರಿದರೆ ಒಂದು ತಿಂಗಳವರೆಗೆ ಜೈಲು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಹೊಲಕ್ಕೆ ಬೆಲೆ ಇದೆ. ಹಾಗಾಗಿ ಇಲ್ಲಿ 23ನೇ ಕಲಂ ತಿಳಿದಿರಲೇಬೇಕು. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಆಮೇಲೆ ಮಕ್ಕಳು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದುಪಡಿಸಬಹುದು. ಆದರೆ ಷರತ್ತು ಇತ್ತು ಅಂತ ತೋರಿಸಬೇಕು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟ್ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಿತು. ಆದರೂ ನನ್ನ ಸಲಹೆ ಒಂದೇ: ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗೋ ಮುಂಚೆ ಷರತ್ತನ್ನು ದಾನಪತ್ರದಲ್ಲೇ ಬರೆಸಿ.

ಜಿಲ್ಲೆಗೊಂದು, 150 ನಿರ್ಗತಿಕ ಹಿರಿಯರು ಇರಬಲ್ಲ ವೃದ್ಧಾಶ್ರಮದ ಮಾತು 19ನೇ ಕಲಂನಲ್ಲಿದೆ. ಆದರೆ ಅಲ್ಲಿರೋದು ಸರ್ಕಾರ ‘ಸ್ಥಾಪಿಸಬಹುದು’ ಅಂತ, ‘ಸ್ಥಾಪಿಸಬೇಕು’ ಅಂತಲ್ಲ. ಹಾಗಾಗಿ ಹೊರೆ ಬೀಳೋದು ದಾನಿಗಳನ್ನು ನಂಬಿ ನಡೆಯುವ ಆಶ್ರಮಗಳ ಮೇಲೆ. 10,000ದ ಮಿತಿ ತೆಗೆದು, ಖಾಸಗಿ ಆರೈಕೆ ಕೇಂದ್ರಗಳಿಗೂ ನಿಯಮ ತರುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಿತ್ತು; 2024ರಲ್ಲಿ ಆ ಸದನದ ಜೊತೆಗೇ ಬಿದ್ದುಹೋಯ್ತು. ಚುನಾವಣೆಯಲ್ಲಿ ಇದನ್ನ ಯಾರೂ ಕೇಳಲಿಲ್ಲ ಅನ್ನೋದು ನನ್ನ ತಕರಾರು.

70 ದಾಟಿದವರಿಗೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಇದೆ. ಅದು ಆಸ್ಪತ್ರೆಗೆ, ಆಶ್ರಮಕ್ಕಲ್ಲ. ಹಿರಿಯರ ಸಹಾಯವಾಣಿ 14567. ಲಿಂಗಸುಗೂರಿನ ಅರ್ಜಿಯನ್ನು ಹಿರಿಯರೇ ಕೊಡಬೇಕು ಅಂತಿಲ್ಲ. ಅವರಿಗೆ ಆಗದಿದ್ದರೆ, ಅವರ ಒಪ್ಪಿಗೆಯಿಂದ ಬೇರೆ ಯಾರಾದರೂ ಅಥವಾ ಒಂದು ಸಂಸ್ಥೆ ಕೊಡಬಹುದು.