ಗಂಧಕದ ಒಂದು ಪರಮಾಣು: ಪ್ರೋಟೀನ್ ಸರಣಿ ನಿರ್ಣಯದ ರಸಾಯನ ಇತಿಹಾಸ

ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿವೆ ಎಂಬುದನ್ನು ಮೊದಲು ತೋರಿಸಿಕೊಟ್ಟ ಕೀರ್ತಿ ಫ್ರೆಡರಿಕ್ ಸ್ಯಾಂಗರ್‌ಗೆ ಸಲ್ಲುತ್ತದೆ. ಆದರೆ ಮುಂದಿನ ದಶಕಗಳಲ್ಲಿ ಪ್ರಯೋಗಾಲಯಗಳು ಹಿಡಿದದ್ದು ಸ್ವೀಡನ್ನಿನ ಪೆರ್ ಎಡ್‌ಮನ್ ತೋರಿದ ದಾರಿಯನ್ನು. ಇದರ ಕಾರಣ ರಸಾಯನಶಾಸ್ತ್ರದೊಳಗೇ ಇದೆ.

1930ರ ದಶಕದಲ್ಲಿ ಬರ್ಗ್‌ಮನ್ ಮತ್ತು ನೀಮನ್, ಪ್ರತಿ ಅಮೈನೋ ಆಮ್ಲವೂ ಸರಪಳಿಯಲ್ಲಿ ನಿಯತ ಅಂತರಕ್ಕೊಮ್ಮೆ ಮರುಕಳಿಸುತ್ತದೆ ಎಂದು ವಾದಿಸಿದ್ದರು. ಕೇಂಬ್ರಿಜ್‌ನ ಸ್ಯಾಂಗರ್ ಇನ್ಸುಲಿನ್ ಮೇಲೆ ಫ್ಲೋರೋಡೈನೈಟ್ರೋಬೆಂಜೀನ್ ಪ್ರಯೋಗಿಸಿದರು. ಅದು ಸರಪಳಿಯ ಅಮೈನೋ ತುದಿಗೆ ಅಂಟಿ ಹಳದಿ ಬಣ್ಣ ತರುತ್ತದೆ. ಆಮ್ಲದಲ್ಲಿ ಕುದಿಸಿ ಪ್ರೋಟೀನನ್ನೆಲ್ಲ ಒಡೆದರೂ ಈ ಬಂಧ ಬಹುಮಟ್ಟಿಗೆ ಉಳಿಯುತ್ತದೆ. 1945ರಲ್ಲಿ ಗ್ಲೈಸೀನ್ ಮತ್ತು ಫೀನೈಲಲನೀನ್ ಎಂಬ ಎರಡು ತುದಿಗಳು ಸಿಕ್ಕವು: ಸರಪಳಿಗಳೂ ಎರಡು ಬಗೆಯವು ಎಂದಾಯಿತು. ಪರ್‌ಫಾರ್ಮಿಕ್ ಆಮ್ಲದಿಂದ ಅವುಗಳ ನಡುವಿನ ಗಂಧಕದ ಸೇತುವೆಗಳನ್ನು ಮುರಿದು, ಸರಪಳಿಗಳನ್ನು ತುಂಡರಿಸಿ, ತುಂಡುಗಳನ್ನು ಪೇಪರ್ ಕ್ರೊಮಟೋಗ್ರಫಿಯಲ್ಲಿ ಬೇರ್ಪಡಿಸಿ, ಒಂದರ ಮೇಲೊಂದು ಹೊಂದುವ ಭಾಗಗಳಿಂದ ಕ್ರಮವನ್ನು ಕಟ್ಟಿದರು. ಟುಪ್ಪಿ ಜೊತೆ 1951ರಲ್ಲಿ 30 ಘಟಕಗಳ ಸರಪಳಿ, ಥಾಮ್ಸನ್ ಜೊತೆ 1953ರಲ್ಲಿ 21 ಘಟಕಗಳದ್ದು, 1955ರಲ್ಲಿ ಸೇತುವೆಗಳ ಸ್ಥಾನ. ನಿಯತ ಅಂತರದ ಸುಳಿವು ಎಲ್ಲಿಯೂ ಇರಲಿಲ್ಲ.

ಈ ವಿಧಾನದ ಕೊರತೆಯೂ ಸ್ಪಷ್ಟ. ಒಂದು ತುದಿಯನ್ನು ಗುರುತಿಸಲು ಇಡೀ ಸರಪಳಿಯನ್ನೇ ಬಲಿಕೊಡಬೇಕು.

ತುದಿಯ ಒಂದನ್ನು ಮಾತ್ರ ಕಳಚುವ ಯತ್ನ ಹಳೆಯದು. 1930ರಲ್ಲೇ ಅಬ್ಡರ್‌ಹಾಲ್ಡನ್ ಮತ್ತು ಬ್ರಾಕ್‌ಮನ್ ಫೀನೈಲ್ ಐಸೋಸಯನೇಟ್ ಬಳಸಿ ನೋಡಿದ್ದರು. ಆದರೆ ಕಳಚಲು ನೀರು ಬೆರೆತ ಆಮ್ಲ ಮತ್ತು ಶಾಖ ಬೇಕಾಗಿದ್ದು, ಉಳಿದ ಬಂಧಗಳೂ ಅದರಿಂದ ಮುರಿಯುತ್ತಿದ್ದವು. ಎಡ್‌ಮನ್ ಆ ಅಣುವಿನ ಆಮ್ಲಜನಕದ ಜಾಗದಲ್ಲಿ ಗಂಧಕವಿರುವ ಫೀನೈಲ್ ಐಸೋಥಯೋಸಯನೇಟ್ ಆರಿಸಿಕೊಂಡು 1950ರಲ್ಲಿ ವಿಧಾನವನ್ನು ಪ್ರಕಟಿಸಿದರು. ತುದಿಗೆ ಅದು ಸೇರಿದ ಮೇಲೆ ನೀರಿಲ್ಲದ ಆಮ್ಲ ಹಾಕಿದರೆ, ಗಂಧಕವೇ ಪಕ್ಕದ ಪೆಪ್ಟೈಡ್ ಬಂಧದ ಇಂಗಾಲಕ್ಕೆ ಎರಗಿ ಉಂಗುರ ಕಟ್ಟುತ್ತದೆ. ಮೊದಲ ಘಟಕ ಉದುರುತ್ತದೆ. ಜಲವಿಭಜನೆಗೆ ನೀರೇ ಇಲ್ಲದ್ದರಿಂದ ಉಳಿದ ಸರಪಳಿ ಹಾಗೆಯೇ ಉಳಿದು, ಹೊಸ ತುದಿಯೊಂದಿಗೆ ಮುಂದಿನ ಸುತ್ತಿಗೆ ಸಿದ್ಧವಾಗುತ್ತದೆ. ಉದುರಿದ್ದನ್ನು ಸ್ಥಿರವಾದ ಥಯೋಹೈಡಾಂಟಾಯಿನ್ ರೂಪಕ್ಕೆ ತಂದು ಗುರುತಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಎಡ್‌ಮನ್ ಸಾಧನೆಯ ತಿರುಳು ಹೊಸ ಕಾರಕಕ್ಕಿಂತ ನೀರನ್ನು ದೂರವಿಟ್ಟದ್ದರಲ್ಲಿದೆ.

ಮುಂದಿನದು ಇಳುವರಿಯ ಲೆಕ್ಕ. ಪ್ರತಿ ಸುತ್ತಿನಲ್ಲಿ ಶೇ. 95 ಯಶಸ್ಸು ಸಿಕ್ಕರೆ 60 ಸುತ್ತಿನ ಬಳಿಕ ಸರಿಯಾದ ಜಾಡಿನಲ್ಲಿ ಉಳಿಯುವುದು ಶೇ. 5ಕ್ಕೂ ಕಡಿಮೆ; ಶೇ. 98 ಆದರೆ ಸುಮಾರು ಶೇ. 30. 1967ರಲ್ಲಿ ಮೆಲ್ಬರ್ನ್‌ನಲ್ಲಿ ಎಡ್‌ಮನ್ ಮತ್ತು ಬೆಗ್, ತಿರುಗುವ ಗಾಜಿನ ಬಟ್ಟಲಿನ ಒಳಗೋಡೆಗೆ ಪ್ರೋಟೀನನ್ನು ತೆಳುಪದರವಾಗಿ ಹರಡುವ ಸ್ವಯಂಚಾಲಿತ ಯಂತ್ರದಿಂದ ತಿಮಿಂಗಿಲದ ಮಯೋಗ್ಲೋಬಿನ್ನಿನ ಮೊದಲ 60 ಘಟಕಗಳನ್ನು ಓದಿದರು.

ಅಸಿಟೈಲ್ ಗುಂಪು ಮುಚ್ಚಿದ ತುದಿಯ ಮುಂದೆ ಈ ರಸಾಯನ ಸೋಲುತ್ತದೆ. ಇಂದು ಮಾಸ್ ಸ್ಪೆಕ್ಟ್ರೋಮೆಟ್ರಿ ಅದರ ಸ್ಥಾನವನ್ನು ಬಹುತೇಕ ಪಡೆದಿದೆ. ಆದರೂ ಲ್ಯೂಸೀನ್ ಮತ್ತು ಐಸೋಲ್ಯೂಸೀನ್‌ಗಳ ದ್ರವ್ಯರಾಶಿ ಒಂದೇ ಆದ್ದರಿಂದ, ಸಾಮಾನ್ಯ ಮಾಪನದಲ್ಲಿ ಅವು ಬೇರೆಯಾಗಿ ಕಾಣುವುದಿಲ್ಲ. ಎಡ್‌ಮನ್ ವಿಧಾನದಲ್ಲಿ ಕಾಣುತ್ತವೆ.